ಮೂಗಿನೊಳಗೆ ಬೂಷ್ಟು ಬೆಳೆಯೋದು ಯಾಕೆ?

"ಡಾಕ್ಟ್ರೇ, ಸ್ಕ್ಯಾನ್ ಮಾಡಿಸಿದ್ರೆ ಸೈನಸ್‌ನಲ್ಲಿ ಫಂಗಸ್ ಇದೆ ಅಂದ್ರು. ಮಳೆಗಾಲದಲ್ಲಿ ನಮ್ಮ ಮನೆ ಗೋಡೆ ಬೂಷ್ಟು ಹಿಡಿಯುತ್ತೆ. ಅದೇ ಮೂಗಿಗೂ ಬಂತಾ?" ಈ ವಾರ ಬಂದ ಪ್ರಶ್ನೆಗಳಲ್ಲಿ ನನ್ನ ಗಮನ ಸೆಳೆದದ್ದು ಇದು.

ಗೋಡೆಯನ್ನು ಪೂರ್ತಿ ದೂರುವ ಹಾಗಿಲ್ಲ. ಶಿಲೀಂಧ್ರದ ಬೀಜಕಗಳು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಹಳಸಿದ ಬ್ರೆಡ್ಡಿನಲ್ಲಿ, ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ನೀವೂ ನಾನೂ ದಿನವಿಡೀ ಅವನ್ನು ಉಸಿರಾಡುತ್ತಲೇ ಇರುತ್ತೇವೆ. ಮೂಗಿನ ಲೋಳೆ ಮತ್ತು ಅದರಲ್ಲಿರುವ ಸೂಕ್ಷ್ಮ ರೋಮಗಳು ಅವನ್ನು ಗಂಟಲ ಕಡೆಗೆ ಗುಡಿಸಿ ಹಾಕುತ್ತವೆ. ಹಾಗಾದರೆ ಕೆಲವರಲ್ಲಿ ಮಾತ್ರ ಅದು ಬೀಡುಬಿಡುವುದೇಕೆ? ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಗಾಳಿಯಾಡದ ಜಾಗ. ಸೈನಸ್‌ನ ಬಾಯಿ ಕಟ್ಟಿಕೊಂಡರೆ ಒಳಗೆ ಫಂಗಸ್ ಉಂಡೆಯಾಗಿ ಕೂರುತ್ತದೆ. ಹೆಚ್ಚಾಗಿ ಒಂದೇ ಕೆನ್ನೆಯ ಕಡೆ. ಮೇಲ್ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದಾಗ ತುಂಬಿದ ವಸ್ತು ಸೈನಸ್‌ಗೆ ಸರಿದಿದ್ದರೂ ಹೀಗಾಗಬಹುದು. ಇದು ಮಾಂಸದೊಳಕ್ಕೆ ಇಳಿಯುವುದಿಲ್ಲ. ಎಂಡೋಸ್ಕೋಪಿಯಲ್ಲಿ ತೆಗೆದರೆ ಸಾಮಾನ್ಯವಾಗಿ ಮಾತ್ರೆಯೂ ಬೇಕಾಗುವುದಿಲ್ಲ.

ಎರಡನೆಯದು ಅಲರ್ಜಿ. ದೇಹ ಫಂಗಸ್ ಮೇಲೆ ವಿಪರೀತ ಸಿಟ್ಟಾಗುತ್ತದೆ. ಮೂಗಿನಲ್ಲಿ ದುರ್ಮಾಂಸ, ಅಂಟಿನಂಥ ಗಟ್ಟಿ ಸಿಂಬಳ. ಅಸ್ತಮಾ ಇರುವವರಲ್ಲೂ, ಹರೆಯದವರಲ್ಲೂ ಇದನ್ನು ನೋಡುತ್ತೇವೆ. ಆಪರೇಷನ್ ಆದ ಮೇಲೂ ಮರುಕಳಿಸುವ ಸ್ವಭಾವ ಇದರದು. ಹಾಗಾಗಿ ಡಾಕ್ಟರು ಬರೆದುಕೊಟ್ಟ ಸ್ಪ್ರೇ ಬಿಡಬಾರದು.

ಮೂರನೆಯದೇ ಅಪಾಯಕಾರಿ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಔಷಧಿ, ಅಂಗ ಕಸಿಯ ನಂತರದ ಮಾತ್ರೆಗಳು, ದೀರ್ಘಕಾಲದ ಸ್ಟಿರಾಯ್ಡ್ – ಇವುಗಳಿಂದ ದೇಹದ ಕಾವಲು ಸೋತಾಗ ಫಂಗಸ್ ರಕ್ತನಾಳಕ್ಕೇ ನುಗ್ಗುತ್ತದೆ. ರಕ್ತ ಸಿಗದೆ ಸತ್ತ ಭಾಗ ಕಪ್ಪಾಗುತ್ತದೆ. 2021ರಲ್ಲಿ ಕೊರೊನಾ ಎರಡನೇ ಅಲೆಯ ಹೊತ್ತಿಗೆ 'ಬ್ಲ್ಯಾಕ್ ಫಂಗಸ್' ಅಂತ ನಾವೆಲ್ಲ ಹೆದರಿದ್ದು ಇದಕ್ಕೇ. ಕೊರೊನಾದ ಜೊತೆ ಸಕ್ಕರೆ ಕಾಯಿಲೆ, ಅದರ ಮೇಲೆ ಸ್ಟಿರಾಯ್ಡ್. ಸ್ಟಿರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರ ಜೊತೆಗೆ ಸಕ್ಕರೆಯನ್ನೂ ಏರಿಸುತ್ತದೆ. ಅಂದಹಾಗೆ, ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ.

ಒಂದು ಕಡೆ ಮುಖ ನೋವು, ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ಕೆನ್ನೆ ಮರಗಟ್ಟುವುದು, ಹಲ್ಲು ಅಲ್ಲಾಡುವುದು, ಅಂಗಳಿನಲ್ಲಿ ಅಥವಾ ಮೂಗಿನಲ್ಲಿ ಕಪ್ಪು ಕಲೆ – ಸಕ್ಕರೆ ಕಾಯಿಲೆಯವರಿಗೆ ಇವುಗಳಲ್ಲಿ ಒಂದು ಕಂಡರೂ "ನಾಳೆ ನೋಡೋಣ" ಅನ್ನಬೇಡಿ. ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ತಡವಾದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ: ರಿಪೋರ್ಟ್ ಹಿಡಿದು ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ, "ಇದು ಮೂರರಲ್ಲಿ ಯಾವ ಬಗೆ?" ಅಂತ ಕೇಳಿ. ಚಿಕಿತ್ಸೆ ನಿಂತಿರುವುದು ಅದರ ಮೇಲೆ. ಜೊತೆಗೆ ಸಕ್ಕರೆ ಪರೀಕ್ಷೆ ಮಾಡಿಸಿ. ತಮಗೆ ಸಕ್ಕರೆ ಕಾಯಿಲೆ ಇದೆ ಅನ್ನೋದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ಸ್ಟಿರಾಯ್ಡ್ ಮಾತ್ರೆ ತಗೊಂಡು ನುಂಗಬೇಡಿ. ಗೋಡೆಯ ಬೂಷ್ಟನ್ನೂ ಮಾಸ್ಕ್ ಹಾಕಿಕೊಂಡು ಉಜ್ಜಿಸಿ, ನೀರು ಸೋರುವ ಕಡೆ ರಿಪೇರಿ ಮಾಡಿಸಿ. ಅಲರ್ಜಿ ಇರುವವರಿಗೆ ಅದರಿಂದಲೂ ತೊಂದರೆ ತಪ್ಪಿದ್ದಲ್ಲ.