ಗೆಲ್ಲುವ ಕುದುರೆ ಯಾವುದು?

ಚುನಾವಣೆ ಹತ್ತಿರ ಬಂತೆಂದರೆ ಪಕ್ಷದೊಳಗೆ ಮೊದಲು ಏಳುವ ಮಾತು, "ಗೆಲ್ಲುವ ಕುದುರೆ ಯಾವುದು?" ಎಂಬುದೇ. ನಮ್ಮ ದೇಶದಲ್ಲಿ ಬಹುಮಟ್ಟಿಗೆ ಇದನ್ನು ತೀರ್ಮಾನಿಸುವವರು ಮೇಲಿನ ನಾಲ್ಕಾರು ಮುಖಂಡರು. ಅಮೆರಿಕದಲ್ಲಿ ಮತದಾರರೇ ಮೊದಲೊಂದು ಚುನಾವಣೆಯಲ್ಲಿ ಮತ ಹಾಕಿ ಪಕ್ಷದ ಉಮೇದುವಾರರನ್ನು ಆರಿಸುತ್ತಾರೆ. ಅದಕ್ಕೆ ಪ್ರೈಮರಿ ಎಂದು ಹೆಸರು. ಆಯ್ಕೆ ಜನರ ಕೈಗೆ ಬಂದರೂ ಅಲ್ಲಿಯೂ ಇದೇ ಪ್ರಶ್ನೆ: ಮನಸ್ಸಿಗೆ ಒಪ್ಪಿದವರನ್ನು ಆರಿಸುವುದೋ, ಎದುರಾಳಿಯನ್ನು ಸೋಲಿಸಬಲ್ಲರೆಂದು ತೋರುವವರನ್ನೋ?

2004ರಲ್ಲಿ ಇರಾಕ್ ಯುದ್ಧವನ್ನು ಖಂಡಿಸಿದ ಹೋವರ್ಡ್ ಡೀನ್ ಅವರ ಸುತ್ತ ಡೆಮಾಕ್ರಾಟಿಕ್ ಪಕ್ಷದ ಯುವಕರು ಹುರುಪಿನಿಂದ ನೆರೆದರು. ಆದರೆ ವಿಯಟ್ನಾಂನಲ್ಲಿ ಹೋರಾಡಿದ ಜಾನ್ ಕೆರಿಯವರೇ ಬುಷ್‌ರನ್ನು ಸೋಲಿಸಬಲ್ಲರೆಂದು ಎಣಿಸಿ ಪಕ್ಷ ಅವರನ್ನು ಆರಿಸಿತು. ಕೆರಿ ಸೋತರು. 2016ರಲ್ಲಿ ಸ್ಯಾಂಡರ್ಸ್‌ಗಿಂತ ಹಿಲರಿ ಕ್ಲಿಂಟನ್ ಭದ್ರವೆಂದರು. ಮಿಷಿಗನ್, ವಿಸ್ಕಾನ್ಸಿನ್ ಪ್ರೈಮರಿಗಳಲ್ಲಿ ಗೆದ್ದವರು ಸ್ಯಾಂಡರ್ಸ್. ನವೆಂಬರಿನಲ್ಲಿ ದೇಶದ ಒಟ್ಟು ಮತಗಳಲ್ಲಿ ಕ್ಲಿಂಟನ್ 28 ಲಕ್ಷ ಮುಂದಿದ್ದರೂ, ಇವೆರಡು ಮತ್ತು ಪೆನ್ಸಿಲ್ವೇನಿಯಾ ರಾಜ್ಯಗಳಲ್ಲಿ ಒಟ್ಟು ಸುಮಾರು 78,000 ಮತಗಳಿಂದ ಹಿಂದೆಬಿದ್ದು ಅಧ್ಯಕ್ಷ ಪದವಿಯನ್ನು ಕಳೆದುಕೊಂಡರು. ಸ್ಯಾಂಡರ್ಸ್ ನಿಂತಿದ್ದರೆ ಗೆಲ್ಲುತ್ತಿದ್ದರೆಂದು ನಾವು ಸಾಧಿಸಹೊರಟಿಲ್ಲ. ಭದ್ರವೆಂದು ನಂಬಿದ್ದು ಭದ್ರವಾಗಿರಲಿಲ್ಲ ಎಂಬುದಷ್ಟೇ ನಮ್ಮ ಮಾತು.

ಹಾಗಾದರೆ ಹುರುಪೊಂದೇ ಸಾಕೆ? ಸಾಲದು. 1972ರಲ್ಲಿ ಯುದ್ಧವಿರೋಧಿ ಯುವಜನರ ಉತ್ಸಾಹದ ಮೇಲೆ ಉಮೇದುವಾರರಾದ ಮೆಕ್‌ಗವರ್ನ್, 50 ರಾಜ್ಯಗಳ ಪೈಕಿ 49ರಲ್ಲಿ ನಿಕ್ಸನ್ನರಿಗೆ ಸೋತರು. ಅಂತೆಯೇ 2020ರಲ್ಲಿ ಟ್ರಂಪ್‌ರನ್ನು ಸೋಲಿಸಬಲ್ಲರೆಂಬ ಎಣಿಕೆಯಿಂದ ಆರಿಸಿದ ಬೈಡನ್ ಗೆದ್ದೂ ಗೆದ್ದರು. ಸಭೆಯ ಚಪ್ಪಾಳೆಯನ್ನು ಮತವೆಂದು ಎಣಿಸುವುದು, ಸಭೆಗೆ ಬಾರದವರನ್ನು ಮರೆತಂತೆ.

ಆದರೂ "ಗೆಲ್ಲಬಲ್ಲವರು" ಎಂಬ ಲೆಕ್ಕದಲ್ಲಿ ಒಂದು ದೊಡ್ಡ ದೋಷವಿದೆ. ಅದು ನೆರೆಯವರ ಮನಸ್ಸನ್ನು ಊಹಿಸಿ ಹಾಕಿದ ಲೆಕ್ಕ. "ನನಗೇನೋ ಒಪ್ಪಿಗೆಯೇ, ಊರವರು ಒಪ್ಪಲಾರರು" ಎಂದು ಪ್ರತಿಯೊಬ್ಬನೂ ಹಿಂಜರಿದರೆ ಊರೆಲ್ಲ ಮೆಚ್ಚಿದವರೂ ಸೋಲುತ್ತಾರೆ. ಊರವರನ್ನು ಕೇಳಿದವರು ಯಾರು?

2025ರಲ್ಲಿ ನ್ಯೂಯಾರ್ಕಿನಲ್ಲಿ ಕೇಳಿದರು. ಮೇಯರ್ ಪದವಿಗೆ ಮಾಜಿ ಗವರ್ನರ್ ಕುವೋಮೊ ಅವರೇ ಗೆಲ್ಲುವ ಕುದುರೆಯೆಂದು ಹಣವಂತರು ಧಾರಾಳವಾಗಿ ದೇಣಿಗೆ ಸುರಿದರು. ಸಮಾಜವಾದಿ ಜೋಹ್ರಾನ್ ಮಮ್ದಾನಿಯವರ ಸ್ವಯಂಸೇವಕರು ಮನೆಮನೆಯ ಬಾಗಿಲು ತಟ್ಟಿ ಮನೆ ಬಾಡಿಗೆ, ಬಸ್ಸಿನ ದರಗಳ ಮಾತೆತ್ತಿದರು. ಪ್ರೈಮರಿಯನ್ನೂ ನವೆಂಬರಿನ ಚುನಾವಣೆಯನ್ನೂ ಮಮ್ದಾನಿ ಗೆದ್ದರು. 1969ರ ನಂತರ ಮೊದಲ ಬಾರಿಗೆ ಅಲ್ಲಿ 20 ಲಕ್ಷಕ್ಕೂ ಮೀರಿ ಮತ ಬಿದ್ದವು. ಆ ನಗರ ಡೆಮಾಕ್ರಾಟರ ಭದ್ರಕೋಟೆ, ನಿಜ. ಅದೊಂದರಿಂದ ಇಡೀ ದೇಶವನ್ನು ಅಳೆಯಲಾಗದು. ಆದರೆ ಮನೆಯಲ್ಲೇ ಕುಳಿತಿದ್ದ ಮತದಾರನನ್ನು ಎಬ್ಬಿಸಬಹುದೆಂಬುದು ಅಲ್ಲಿ ಸಿದ್ಧವಾಯಿತು.

ಆದುದರಿಂದ ಉಮೇದುವಾರರನ್ನು ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಎರಡು. ಇವರಿಗಾಗಿ ಕೂಲಿಯಿಲ್ಲದೆ ಬೀದಿ ಸುತ್ತುವವರು ಎಷ್ಟು ಮಂದಿ? ಇವರ ಮಾತು ಕೇಳಿ, ಇದುವರೆಗೆ ಮತಗಟ್ಟೆಗೆ ಬಾರದ ದುಡಿಮೆಗಾರ ಬರುವನೇ? ಉತ್ತರ ಪಕ್ಷದ ಕಚೇರಿಯಲ್ಲಿ ಸಿಕ್ಕುವುದಿಲ್ಲ. ಮನೆಮನೆಗೆ ಹೋಗಿ ಕೇಳಬೇಕು.