ಟಿಕ್ ಟಿಕ್ ಅನ್ನೋ ಟೈಮರ್ ಮಲಗೋ ರೂಮಿಗೆ ಬೇಡ

ಸೇವಂತಿಗೆ ಮೊಗ್ಗಿನ ಬಗ್ಗೆ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಮುಂದಕ್ಕೆ ಹೋಯ್ತು. ಇವತ್ತು ಮನೆ ಒಳಗಿನ ಲೈಟು, ಅದಕ್ಕೆ ಹಾಕೋ ಟೈಮರ್ ವಿಷಯ. ಇದೇನು ಬರೆಯೋ ವಿಷಯಾನಾ ಅನ್ಬೇಡಿ. ವಯಸ್ಸಾದೋರು ಮನೇಲಿ ಇದ್ದರೆ, ರಾತ್ರಿ ಕರೆಂಟಿಗೆ ನೀವು ಬೋರ್‌ವೆಲ್ ಹತ್ರ ಹೋಗೋರಾದ್ರೆ, ಪೂರ್ತಿ ಓದಿ.

ತ್ರೀಫೇಸ್ ರಾತ್ರಿ ಪಾಳಿಗೆ ಬಿದ್ದ ವಾರ ನಾವು ಗಂಡ ಹೆಂಡತಿ ಇಬ್ಬರೂ ತೋಟದಲ್ಲಿರ್ತೀವಿ. ಮನೇಲಿ ಅಮ್ಮ ಒಬ್ಬರೇ. ಎಪ್ಪತ್ತೈದು ದಾಟಿದೆ. ಲೈಟು ಹಾಕ್ಕೊಂಡು ಮಲಗಮ್ಮಾ ಅಂದ್ರೆ ಕೇಳಲ್ಲ. ಗೃಹಜ್ಯೋತಿ ಬಂದು ಬಿಲ್ಲು ಸೊನ್ನೆ ಆದ್ಮೇಲೂ 'ಯಾಕೆ ಸುಮ್ನೆ ಉರೀಬೇಕು' ಅಂತ ಆರಿಸ್ತಾರೆ. 5 ವ್ಯಾಟಿನ ಎಲ್‌ಇಡಿ ರಾತ್ರಿ ಒಂಬತ್ತು ಗಂಟೆ ಉರಿದ್ರೂ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗಲ್ಲ. ಈ ಲೆಕ್ಕ ಅಮ್ಮನಿಗೆ ಹೇಳಿ ಗೆದ್ದೋರು ಯಾರೂ ಇಲ್ಲ.

ಎರಡು ವರ್ಷದ ಹಿಂದೆ ಹೀಗೇ ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಹೊಸ್ತಿಲು ಎಡವಿ ಬಿದ್ದರು. ಬಲಗೈ ಮಣಿಕಟ್ಟು ಮುರೀತು. ನಾನು ಬೆಳಗಿನ ಜಾವ ನೀರು ಕಟ್ಟಿ ಬಂದಾಗ ಗೋಡೆಗೆ ಒರಗಿ ಕೂತಿದ್ದರು. ಎಷ್ಟೊತ್ತಾಯ್ತಮ್ಮಾ ಅಂದ್ರೆ, 'ಮೊದಲನೇ ಕೋಳಿ ಕೂಗೋಕೆ ಮುಂಚೆ' ಅಂದರು.

ಅವತ್ತೇ ತೀರ್ಮಾನ ಮಾಡ್ದೆ, ಲೈಟು ತಾನೇ ಹತ್ತಬೇಕು, ತಾನೇ ಆರಬೇಕು. ಟೈಮರ್ ನನಗೇನು ಹೊಸದಲ್ಲ. ಸೇವಂತಿಗೆಗೆ ರಾತ್ರಿ ಬಲ್ಬು ಉರಿಸೋ ನಮ್ಮಂಥೋರ ಹತ್ರ ಒಂದೆರಡು ಬಿದ್ದೇ ಇರ್ತಾವೆ. ತೋಟದ್ದೊಂದು ಹಳೇ ಟೈಮರ್, ಸುತ್ತ ಹಲ್ಲು ಹಲ್ಲು ಇರೋ ದುಂಡನೆ ಡಯಲ್‌ದು, ತಂದು ಅಮ್ಮನ ರೂಮಿನ ಬೋರ್ಡಿಗೆ ಚುಚ್ಚಿದೆ. ಸಂಜೆ ಆರೂವರೆಗೆ ಹತ್ತೋದು, ಬೆಳಗ್ಗೆ ಆರಕ್ಕೆ ಆರೋದು. ಕೆಲಸ ಮುಗೀತು ಅಂದ್ಕೊಂಡೆ.

ನಾಲ್ಕನೇ ದಿನ ನೋಡಿದ್ರೆ ಪ್ಲಗ್ಗು ಕಿತ್ತು ಕಿಟಕಿ ಮೇಲೆ ಇಟ್ಟಿದ್ದರು. 'ಗೋಡೆ ಒಳಗೆ ಏನೋ ಕೊರೀತಾ ಐತೆ, ನಿದ್ದೆ ಬರಲ್ಲ ಕಣಪ್ಪ' ಅಂದರು. ನಾನು ರೇಗಿದೆ. ಆಮೇಲೆ ಅವತ್ತು ರಾತ್ರಿ ಅವರ ರೂಮಲ್ಲಿ ನಾನೇ ಮಲಗಿ ನೋಡ್ದೆ. ಫ್ಯಾನ್ ಓಡುವಾಗ ಏನೂ ಕೇಳ್ಸಲ್ಲ. ಹನ್ನೊಂದು ಗಂಟೆ ಮೇಲೆ ಚಳಿಗೆ ಫ್ಯಾನ್ ಆರಿಸಿದ ಮೇಲೆ ಶುರುವಾಯ್ತು ನೋಡಿ, ಸಣ್ಣಗೆ ಗುಂಯ್, ಅದರ ಜೊತೆ ಕರ್ ಕರ್. ತಲೆದಿಂಬಿನಿಂದ ಮೂರಡಿ ದೂರದಲ್ಲಿ ಮರದ ಹುಳ ಕೊರೆದ ಹಾಗೆ. ಅಮ್ಮ ಹೇಳಿದ್ದು ಸರಿಯಾಗೇ ಇತ್ತು.

ಅದಕ್ಕೆ ನನ್ನ ಅಭಿಪ್ರಾಯ ಇದು. ಮನೆ ಒಳಗಿನ ಟೈಮರಿಗೆ ಮೊದಲು ನೋಡಬೇಕಾದ್ದು ಸದ್ದು. ರೇಟು, ಎಷ್ಟು ಆಂಪ್ಸ್, ಎಷ್ಟು ಪ್ರೋಗ್ರಾಮ್, ಎಲ್ಲ ಆಮೇಲೆ. ಸದ್ದು ಮಾಡಿದ್ರೆ ಯಾರೋ ಒಬ್ಬರು ಕಿತ್ತಿಡ್ತಾರೆ, ಕಿತ್ತಿಟ್ಟ ದಿನವೇ ಯಾರೋ ಎಡವ್ತಾರೆ. ಅಂಗಡಿಯೋರು ಇದನ್ನ ಹೇಳಲ್ಲ, ನಾವೂ ಕೇಳಲ್ಲ. ತೋಟದಲ್ಲಿ ಟೈಮರ್ ಗುಂಯ್ ಅಂದ್ರೆ ಯಾರಿಗೇನು, ಪಕ್ಕದಲ್ಲಿ ಕಪ್ಪೆ ಕೂಗ್ತಿರ್ತಾವೆ.

ಡಯಲ್ ಟೈಮರ್ ಸದ್ದು ಮಾಡೋದು ಕೆಟ್ಟುಹೋಗಿ ಅಲ್ಲ. ಅದರೊಳಗೆ ಒಂದು ಸಣ್ಣ ಮೋಟಾರ್ ಇದೆ, ಕರೆಂಟಿನ 50 ಹರ್ಟ್ಸ್ ಲೆಕ್ಕ ಹಿಡಿದು ಸುತ್ತುತ್ತೆ, ಹಲ್ಲಿನ ಚಕ್ರಗಳನ್ನ ತಳ್ಳುತ್ತೆ. ಹೊಸದರಲ್ಲೂ ಸದ್ದಿರುತ್ತೆ, ಚಕ್ರ ಸವೆದಂಗೆ ಜಾಸ್ತಿ ಆಗುತ್ತೆ. ಒಳಗೆ ಟೊಳ್ಳಿರೋ ಪ್ಲಾಸ್ಟಿಕ್ ಇಲ್ಲಾ ಮರದ ಬೋರ್ಡಿಗೆ ಚುಚ್ಚಿದ್ರೆ ಬೋರ್ಡೇ ತಮಟೆ ಥರ ಆಗಿ ಸದ್ದನ್ನ ದೊಡ್ಡದು ಮಾಡುತ್ತೆ.

ನಮ್ಮ ಕಡೆಗೆ ಅದರದ್ದು ಇನ್ನೊಂದು ದೊಡ್ಡ ತಕರಾರು, ಕರೆಂಟ್ ಹೋದ್ರೆ ಆ ಮೋಟಾರೂ ನಿಂತುಹೋಗುತ್ತೆ. ದಿನಕ್ಕೆ ಎರಡು ಗಂಟೆ ಕರೆಂಟ್ ಹೋಯ್ತು ಅನ್ಕೊಳ್ಳಿ, ಮೂರು ದಿನಕ್ಕೆ ಆರು ಗಂಟೆ ಹಿಂದೆ ಬೀಳುತ್ತೆ. ಸಂಜೆ ಆರೂವರೆಗೆ ಹತ್ತಬೇಕಾದ ಲೈಟು ರಾತ್ರಿ ಹನ್ನೆರಡೂವರೆಗೆ ಹತ್ತಿ ಮಲಗಿದ್ದೋರನ್ನ ಎಬ್ಬಿಸುತ್ತೆ. ತೋಟದ ಮನೆ, ಐಪಿ ಸೆಟ್ ಲೈನಿನಲ್ಲಿರೋ ಮನೆಗಳಿಗಂತೂ ಅದು ಬೇಡವೇ ಬೇಡ.

ಹಾಗಾದ್ರೆ ಡಿಜಿಟಲ್. ಒಳಗೆ ಬ್ಯಾಟರಿ ಇರೋದನ್ನೇ ಕೇಳಿ ತಗೊಳ್ಳಿ, ಕರೆಂಟ್ ಹೋದ್ರೂ ಗಡಿಯಾರ ನಡೀತಿರುತ್ತೆ. ಸುತ್ತೋ ಭಾಗ ಏನೂ ಇರಲ್ಲ. ಹತ್ತುವಾಗ ಒಂದು ಸಲ, ಆರುವಾಗ ಒಂದು ಸಲ ರಿಲೇ ಟಪ್ ಅನ್ನುತ್ತೆ, ಅಷ್ಟೇ. ನಮ್ಮ ಆಟೋ ಸ್ಟಾರ್ಟರ್ ಬಡಿದಷ್ಟು ಜೋರಲ್ಲ. ಆದ್ರೂ ಮುಂಜಾನೆ ನಿದ್ದೆಗೆ ಅದೂ ಸಾಕು. ಆರೋ ಟೈಮನ್ನ ಎಲ್ಲರೂ ಎದ್ದ ಮೇಲಕ್ಕೆ ಇಟ್ಟುಬಿಡಿ.

ಡಿಜಿಟಲ್ ಅಂದ ತಕ್ಷಣ ನಿಶ್ಶಬ್ದ ಅಂತಾನೂ ಅಲ್ಲ. ನಾನು ಮೊದಲು ತಂದಿದ್ದು ರಿಲೇ ಎಳೆದುಕೊಂಡಿರೋ ಅಷ್ಟು ಹೊತ್ತೂ ಸೊಳ್ಳೆ ಥರ ಸಣ್ಣಗೆ ಗುಯ್‌ಗುಡ್ತಿತ್ತು. ಸಂತೆ ಬೀದಿ ಅಂಗಡೀಲಿ ಕಿವಿಗೆ ಇಟ್ಕೊಂಡ್ರೂ ಅದು ಕೇಳ್ಸಲ್ಲ. ಅಂಗಡಿಯೋರ ಹತ್ರ ಮೊದಲೇ ಮಾತಾಡ್ಕೊಳ್ಳಿ, 'ರಾತ್ರಿ ಹಾಕಿ ನೋಡ್ತೀನಿ, ಸದ್ದು ಬಂದ್ರೆ ಬದಲಾಯಿಸಿ ಕೊಡ್ಬೇಕು' ಅಂತ. ನನಗೆ ಒಬ್ಬರು ಆಗಲ್ಲ ಅಂದ್ರು, ಇನ್ನೊಬ್ಬರು ಒಪ್ಪಿದ್ರು. ಮನೇಲಿ ಎಲ್ಲ ಮಲಗಿದ ಮೇಲೆ, ಫ್ಯಾನ್ ಆರಿಸಿ, ಲೈಟು ಹತ್ತಿರುವಾಗಲೂ ಆರಿರುವಾಗಲೂ ಕೇಳಿ ನೋಡಿ. ನಿಮ್ಮ ಕಿವಿ ಸಾಲದು. ಆ ರೂಮಲ್ಲಿ ಮಲಗೋರನ್ನೇ ಕೇಳಿ.

ಎಲ್ಲಕ್ಕಿಂತ ಒಳ್ಳೇ ದಾರಿ ನಾನು ಕೊನೆಗೆ ಮಾಡಿದ್ದು. ಟೈಮರ್ ರೂಮಲ್ಲೇ ಯಾಕಿರಬೇಕು? ಪಡಸಾಲೆಯಲ್ಲಿ ಮೀಟರ್ ಬೋರ್ಡ್ ಪಕ್ಕ, ಎಂಸಿಬಿ ಕೂರಿಸೋ ಪಟ್ಟಿಗೇ ಕೂರೋ ಥರದ ಟೈಮರ್ ಸಿಗುತ್ತೆ. ವೈರಿಂಗ್ ಮಾಡೋರನ್ನ ಕರೆಸಿ, ಅಲ್ಲಿಂದ ಅಮ್ಮನ ರೂಮು, ಬಚ್ಚಲ ದಾರಿ, ಎರಡಕ್ಕೂ ಬೇರೆ ಲೈನ್ ಎಳೆಸಿದೆ. ಅರ್ಧ ದಿನದ ಕೆಲಸ. ಮಧ್ಯೆ ಇಟ್ಟಿಗೆ ಗೋಡೆ ಇರೋದ್ರಿಂದ ಟಪ್ ಅಂದ್ರೂ ರೂಮಿಗೆ ಕೇಳ್ಸಲ್ಲ. ನ್ಯೂಟ್ರಲ್ ವೈರೂ ಟೈಮರಿಗೆ ಬರೋ ಹಾಗೆ ಹಾಕಿಸಿ. ನ್ಯೂಟ್ರಲ್ ಬೇಡದ, ಸ್ವಿಚ್ಚಿನ ಜಾಗಕ್ಕೇ ಕೂರೋ ಟೈಮರ್‌ಗಳು ಬಲ್ಬಿನ ಮೂಲಕವೇ ಸ್ವಲ್ಪ ಕರೆಂಟ್ ಎಳೀತಾವೆ, ಎಲ್‌ಇಡಿ ಆರಿದ ಮೇಲೂ ಮಿಣಮಿಣ ಅಂತಿರುತ್ತೆ.

ಮೇಲೆ 16 ಆಂಪ್ಸ್ ಅಂತ ಬರೆದಿದ್ದನ್ನ ಪೂರ್ತಿ ನಂಬಬೇಡಿ. ಅದು ಹೀಟರ್ ಥರದ ಲೋಡಿನ ಲೆಕ್ಕ. ಎಲ್‌ಇಡಿ ಹತ್ತೋ ಕ್ಷಣಕ್ಕೆ ಒಂದೇ ಸಲ ಜಾಸ್ತಿ ಎಳೆಯುತ್ತೆ. ಸೇವಂತಿಗೆ ತೋಟದಲ್ಲಿ ಅರವತ್ತು ಬಲ್ಬು ಒಂದೇ ಟೈಮರಿಗೆ ಕೊಟ್ಟು, ಒಳಗೆ ಕಾಂಟ್ಯಾಕ್ಟ್ ಅಂಟಿಕೊಂಡು, ಹಗಲೂ ರಾತ್ರಿ ಉರಿದಿದ್ದು ನನಗೆ ಗೊತ್ತು. ಮನೆಯ ನಾಲ್ಕು ಬಲ್ಬಿಗೆ ಆ ಚಿಂತೆ ಇಲ್ಲ. ಜಾಸ್ತಿ ಲೈಟಿಗೆ ಕಾಂಟ್ಯಾಕ್ಟರ್ ಹಾಕಿಸೋದಾದ್ರೆ ಅದನ್ನ ಮಾತ್ರ ಮನೆ ಹೊರಗೇ ಇಡಿ, ಅದರ ಗುಂಯ್ ಬೇರೆ ಥರದ್ದು.

ಪಕ್ಕದ ತೋಟದ ಅಣ್ಣ ಅಂತಾರೆ, ಇಷ್ಟೆಲ್ಲ ಯಾಕೆ, ಮನುಷ್ಯ ಓಡಾಡಿದ್ರೆ ಹತ್ತೋ ಸೆನ್ಸರ್ ಬಲ್ಬು ಹಾಕು ಅಂತ. ಹಾಕಿ ನೋಡ್ದೆ. ಬೆಕ್ಕು ಬಂದ್ರೂ ಹತ್ತುತ್ತೆ. ಅಮ್ಮ ಮಂಚದ ಮೇಲೆ ಎದ್ದು ಕೂತು ಕಾಲು ನೀವ್ಕೊಳ್ಳೋ ಹೊತ್ತಿಗೆ ಆರೂ ಬಿಡುತ್ತೆ. ಬಚ್ಚಲ ದಾರಿಗೆ ಮಾತ್ರ ಸಾಕು ಅನ್ನೋರು, ಕತ್ತಲಾದ್ರೆ ತಾನೇ ಹತ್ತೋ ಪ್ಲಗ್ಗಿನ ಜೀರೋ ಬಲ್ಬು ಹಾಕ್ಕೊಳ್ಳಿ, ನಾನು ಬೇಡ ಅನ್ನಲ್ಲ, ಸದ್ದೂ ಇಲ್ಲ, ಖರ್ಚೂ ಕಡಿಮೆ. ಆದ್ರೆ ನಾವು ತೋಟದಿಂದ ಬರೋದು ತಡವಾದಾಗ ಅಮ್ಮ ಕತ್ತಲಲ್ಲಿ ಕೂರಬಾರದು, ಬೀಗ ಹಾಕಿ ಮದುವೆಗೆ ಹೋದಾಗಲೂ ಮನೇಲಿ ಜನ ಇರೋ ಹಾಗೆ ಕಾಣಬೇಕು ಅಂದ್ರೆ ಟೈಮರೇ ಸರಿ. ಫೋನಲ್ಲಿ ನಡೆಸೋ ವೈಫೈ ಪ್ಲಗ್ಗನ್ನ ನಾನು ಹೇಳಲ್ಲ. ನಮ್ಮ ತೋಟದ ಮನೇಲಿ ಫೋನ್ ಮಾಡೋಕೇ ಮಾವಿನ ಮರದ ಹತ್ರ ಹೋಗಬೇಕು.

ಹಾಕಿಸೋರಿಗೆ ಎರಡು ಮಾತು. ಹೊಸ ಟೈಮರನ್ನ ಒಂದು ರಾತ್ರಿ ಕರೆಂಟಿಗೆ ಬಿಟ್ಟು ಬ್ಯಾಟರಿ ಚಾರ್ಜ್ ಆದ ಮೇಲೆ ಟೈಮ್ ಕೂರಿಸಿ. ಕೂರಿಸಿದ ಮೇಲೆ ಆನ್, ಆಫ್, ಆಟೋ ಅಂತ ಇರೋದ್ರಲ್ಲಿ ಆಟೋದಲ್ಲಿ ಬಿಡಿ. ನಾನು ಆಫ್‌ನಲ್ಲೇ ಬಿಟ್ಟು ಎರಡು ದಿನ ಕಂಪನಿಯೋರನ್ನ ಬೈಕೊಂಡಿದ್ದೆ.

ಟೈಮನ್ನ ವರ್ಷಕ್ಕೆ ಎರಡು ಸಲವಾದ್ರೂ ಬದಲಾಯಿಸಬೇಕು. ನಮ್ಮ ಕಡೆ ನವೆಂಬರಲ್ಲಿ 5.50ರ ಸುಮಾರಿಗೇ ಸೂರ್ಯ ಮುಳುಗ್ತಾನೆ, ಜುಲೈ ಶುರುವಿನಲ್ಲಿ 6.50ರ ತನಕ ಇರ್ತಾನೆ. ನಾನು ದೀಪಾವಳಿಗೊಂದು ಸಲ, ಯುಗಾದಿಗೊಂದು ಸಲ ತಿದ್ದುತೀನಿ. ಹೋದ ದೀಪಾವಳಿಗೆ ಮರೆತಿದ್ದೆ. 'ಲೈಟಿನೋನು ಇವತ್ತೂ ಲೇಟು' ಅಂತ ಅಮ್ಮನೇ ನೆನಪು ಮಾಡಿದರು.