ಕಾಡಿಸುವವನು ಒಬ್ಬ, ನೋಡಿ ನಗುವವರು ಹತ್ತು ಜನ

ಜೂನ್ ಬಂತೆಂದರೆ ಹಾಸ್ಟೆಲುಗಳು ತುಂಬುತ್ತವೆ. ಟ್ರಂಕು, ಹಾಸಿಗೆ, ತಿಂಡಿಯ ಡಬ್ಬಿ ಎಲ್ಲವನ್ನೂ ಹೊಂದಿಸಿಕೊಟ್ಟು ತಂದೆ ತಾಯಿ ಊರಿಗೆ ಹಿಂದಿರುಗುತ್ತಾರೆ. ಹದಿನೈದು ದಿನಕ್ಕೆ ಹುಡುಗ ಫೋನಿನಲ್ಲಿ "ಇಲ್ಲಿ ಇರೋಕಾಗಲ್ಲ" ಎಂದರೆ, "ಸ್ವಲ್ಪ ದಿನ ತಡಿ, ಎಲ್ಲಾ ಸರಿಹೋಗುತ್ತೆ" ಎಂಬುದೇ ಬಹುತೇಕ ಮನೆಗಳ ಉತ್ತರ. ಅನೇಕ ಸಲ ಅದು ಬರೀ ಮನೆಯ ನೆನಪು. ಕೆಲವು ಸಲ ಅಲ್ಲ.

ಇಬ್ಬರು ಸಮಬಲರು ಬೈದಾಡಿಕೊಂಡು ಸಂಜೆಗೆ ಒಂದಾದರೆ ಅದು ಜಗಳ. ಬುಲ್ಲಿಯಿಂಗ್ ಎಂದು ಈಗ ಕರೆಯುತ್ತಿರುವ ಕಾಟ ಬೇರೆ. ನಾರ್ವೆಯಲ್ಲಿ ಇದನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಗುರುತು ಹೇಳಿದರು: ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ತಿರುಗಿ ನಿಲ್ಲಲಾರದವನ ಮೇಲೆ ಮಾಡುವುದು. ಕೈ ಎತ್ತಲೇಬೇಕೆಂದಿಲ್ಲ. ಊಟದ ಸಾಲಿನಲ್ಲಿ ಯಾರೂ ಪಕ್ಕದಲ್ಲಿ ಕೂರದಂತೆ ಮಾಡಿದರೂ ಸಾಕು. ವಾಟ್ಸ್ಆಪ್ ಗುಂಪು ಬಂದ ಮೇಲಂತೂ ರಜೆಯಲ್ಲೂ ಬಿಡುಗಡೆಯಿಲ್ಲ.

ಕಾಡಿಸುವವನು ಒಳಗೊಳಗೇ ಅಂಜುಬುರುಕ, ಕೀಳರಿಮೆಯಿಂದ ಹಾಗೆ ಮಾಡುತ್ತಾನೆ ಎಂಬ ಮಾತು ರೂಢಿಯಲ್ಲಿದೆ. ಓಲ್ವೇಯಸ್ ಕಂಡದ್ದು ಹಾಗಲ್ಲ. ಅಂಥ ಹುಡುಗರಲ್ಲಿ ಅಂಜಿಕೆ ಕಡಿಮೆಯೇ ಇತ್ತು, ತಮ್ಮ ಮೇಲಿನ ಅಭಿಮಾನಕ್ಕೂ ಕೊರತೆ ಇರಲಿಲ್ಲ. ಮನೆಯಲ್ಲಿ ಅಕ್ಕರೆ ಕಡಿಮೆ, ಹೊಡೆತ ಹೆಚ್ಚು ಎಂಬ ಕಾರಣಗಳೂ ಇದ್ದವು, ನಿಜ. ಆದರೆ ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ತರಗತಿಯ ಉಳಿದ ಮಕ್ಕಳನ್ನು ಗಮನಿಸಿದರು. ಕೆಲವರು ಕೈಜೋಡಿಸುತ್ತಾರೆ, ಕೆಲವರು ನಗುತ್ತಾರೆ, ಇನ್ನು ಕೆಲವರು ಕಂಡೂ ಕಾಣದಂತೆ ಸರಿದುಹೋಗುತ್ತಾರೆ. ಕಾಡಿಸುವವನಿಗೆ ಬೇಕಾದದ್ದು ಆ ನಗು ಮತ್ತು ಆ ಮೌನ. ಗುಂಪಿನಲ್ಲಿ ಅವನ ತೂಕ ಏರುವುದು ಅದರಿಂದಲೇ. ಗಿರಾಕಿ ಇಲ್ಲದ ಸರಕನ್ನು ಯಾರೂ ಅಂಗಡಿಯಲ್ಲಿ ಇಡುವುದಿಲ್ಲ. ಅಲ್ಲಿನ 'ಕಿವಾ' ಎಂಬ ಶಾಲಾ ಕಾರ್ಯಕ್ರಮ ಈ ನೋಡುವ ಮಕ್ಕಳನ್ನೇ ತಿದ್ದಲು ಹೊರಟಿತು. ಕಾಟ ಕಡಿಮೆಯಾಯಿತು.

ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ರ್ಯಾಗಿಂಗ್‌ಗೆ ಶಿಕ್ಷೆ ಇದೆ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಬಲಿಯಾದ. ಅದೇ ವರ್ಷ ಕಾಲೇಜುಗಳಿಗೆ ಯುಜಿಸಿ ನಿಯಮ ಬಂತು. ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು (ಓದಿ ಸಹಿ ಮಾಡುವ ಪೋಷಕರು ಎಷ್ಟು ಮಂದಿಯೋ). ದೂರಿಗೆ 1800-180-5522 ಸಹಾಯವಾಣಿ ಇದೆ, ಚಿಕ್ಕ ಮಕ್ಕಳಿಗೆ 1098. ಆದರೆ ದೂರು ಕೊಟ್ಟ ಹುಡುಗ ಆ ರಾತ್ರಿ ಮಲಗಬೇಕಾದದ್ದು ಅದೇ ಹಾಸ್ಟೆಲಿನಲ್ಲಿ.

ಸಮಾಜದ ಹಾಸ್ಟೆಲುಗಳೂ ಇದಕ್ಕೆ ಹೊರತಲ್ಲ. ವಾರ್ಷಿಕೋತ್ಸವಕ್ಕೆ ಬಂದ ಹಳೆಯ ವಿದ್ಯಾರ್ಥಿಗಳು "ನಾವೂ ಹಿರಿಯರ ಬಟ್ಟೆ ಒಗೆದೇ ದೊಡ್ಡವರಾದದ್ದು" ಎಂದು ವೇದಿಕೆಯ ಮೇಲೆ ನಗುತ್ತಾ ಹೇಳುವುದುಂಟು. ಕೆಳಗೆ ಕುಳಿತ ಈ ವರ್ಷದ ದೊಡ್ಡ ಹುಡುಗರಿಗೆ ಅದೇ ಪರವಾನಗಿ.

ವಾರ್ಡನ್ ಊಟದ ಹೊತ್ತಿನಲ್ಲಿ ನಾಲ್ಕು ದಿನ ಸುಮ್ಮನೆ ನಿಂತು ನೋಡಿದರೆ, ಯಾರ ಪಕ್ಕ ಯಾರೂ ಕೂರುವುದಿಲ್ಲ ಎಂಬುದು ತಿಳಿಯುತ್ತದೆ. ಮನೆಯವರೂ ಫೋನಿನಲ್ಲಿ "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಡುವ ಬದಲು, "ಯಾರ ಜೊತೆ ಮಾಡಿದೆ?" ಎಂದೂ ಕೇಳಬಹುದು.